ಪದಚರ್ಚೆ: ಕ್ಯಾಮರೂನ್ ತಂಡದ ಸಿಂಹಗಳು ‘ಅಜೇಯ’ವೋ, ‘ಅದಮ್ಯ’ವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳು ಓದುವ ಒಂದು ಮಾಸಪತ್ರಿಕೆಗೆ ಆಫ್ರಿಕಾದ ಫುಟ್‌ಬಾಲ್ ತಂಡಗಳ ಚರಿತ್ರೆಯನ್ನು ತಿಂಗಳಿಗೊಂದರಂತೆ ಬರೆದುಕೊಡುತ್ತಿದ್ದೇನೆ. ಈ ಸಲ ಕ್ಯಾಮರೂನ್ ತಂಡದ ಸರದಿ. ಆ ತಂಡವನ್ನು ಅವರ ನಾಡಿನಲ್ಲಿ ಫ್ರೆಂಚಿನಲ್ಲಿ ‘ಲಿಯೋಂ ಆಂದೋಂತಾಬ್ಲ್’ ಎಂದೂ ಇಂಗ್ಲಿಷಿನಲ್ಲಿ ‘ಇನ್‌ಡಾಮಿಟಬಲ್ ಲಯನ್ಸ್’ ಎಂದೂ ಕರೆಯುತ್ತಾರೆ. ಎರಡೂ ಅಲ್ಲಿನ ಅಧಿಕೃತ ಭಾಷೆಗಳೇ ಆದ್ದರಿಂದ ಎರಡನ್ನೂ ಮೂಲವೆಂದೇ ಎಣಿಸಬೇಕು. ಮೊದಲ ಕರಡಿನಲ್ಲಿ ನಾನು ಹೆಚ್ಚು ಯೋಚಿಸದೆ ‘ಅಜೇಯ ಸಿಂಹಗಳು’ ಎಂದು ಬರೆದೆ. ಆಮೇಲೆ ತಂಡದ ಸೋಲು ಗೆಲುವುಗಳ ಪಟ್ಟಿಯನ್ನು ಆ ಪದದ ಪಕ್ಕದಲ್ಲಿಟ್ಟು ನೋಡಿದಾಗ ಪದ ನಿಲ್ಲಲಿಲ್ಲ. 2022ರವರೆಗೆ ಕ್ಯಾಮರೂನ್ ಎಂಟು ವಿಶ್ವಕಪ್‌ಗಳಲ್ಲಿ ಒಟ್ಟು 26 ಪಂದ್ಯಗಳನ್ನು ಆಡಿದೆ. ಗೆದ್ದದ್ದು 5, ಸಮಮಾಡಿಕೊಂಡದ್ದು 8, ಸೋತದ್ದು 13. ಸರಿಯಾಗಿ ಅರ್ಧದಷ್ಟು ಪಂದ್ಯಗಳಲ್ಲಿ ಸೋತ ತಂಡವನ್ನು ಅಜೇಯವೆಂದು ಕರೆದರೆ, ಅದೇ ಪುಟದ ಅಂಕಿಗಳನ್ನು ಓದುವ ಮಗು ನಮ್ಮನ್ನು ಪ್ರಶ್ನಿಸದೆ ಬಿಡುವುದಿಲ್ಲ.

ಆದರೆ ‘ಅಜೇಯ’ ಎಂಬ ಮಾತು ಅಕ್ಷರಶಃ ಒಪ್ಪುವ ಒಂದು ವರ್ಷವೂ ಈ ತಂಡದ ಚರಿತ್ರೆಯಲ್ಲಿದೆ. 1982ರಲ್ಲಿ ಸ್ಪೇನಿನಲ್ಲಿ ನಡೆದದ್ದು ಕ್ಯಾಮರೂನಿಗೆ ಮೊದಲ ವಿಶ್ವಕಪ್. ಪೆರುವಿನೊಂದಿಗೆ 0-0, ಪೋಲೆಂಡಿನೊಂದಿಗೆ 0-0, ಇಟಲಿಯೊಂದಿಗೆ 1-1. ಗೋಲ್‌ಕೀಪರ್ ತೋಮಾ ಎನ್‌ಕೋನೊ ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ಅದೇ ಗುಂಪಿನ ಇಟಲಿಯೂ ಮೂರೂ ಪಂದ್ಯಗಳನ್ನು ಸಮಮಾಡಿಕೊಂಡಿತ್ತು. ಇಬ್ಬರಿಗೂ ಮೂರು ಮೂರು ಅಂಕ, ಹೊಡೆದ ಗೋಲು ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ ಇಬ್ಬರದೂ ಸೊನ್ನೆ. ಇಟಲಿ ಹೊಡೆದದ್ದು ಎರಡು ಗೋಲು, ಕ್ಯಾಮರೂನ್ ಹೊಡೆದದ್ದು ಒಂದು ಎಂಬ ಒಂದೇ ಕಾರಣಕ್ಕೆ ಇಟಲಿ ಮುಂದಿನ ಸುತ್ತಿಗೆ ಹೋಗಿ ಕಡೆಗೆ ಕಪ್ಪನ್ನೇ ಗೆದ್ದಿತು, ಕ್ಯಾಮರೂನ್ ಒಂದು ಪಂದ್ಯವನ್ನೂ ಸೋಲದೆ ಊರಿಗೆ ಮರಳಿತು. ಆ ವರ್ಷ ಆ ಸಿಂಹಗಳು ನಿಜಕ್ಕೂ ಅಜೇಯ. ಆದರೆ ಅವರು ಗೆದ್ದ ಪಂದ್ಯವೂ ಒಂದಿರಲಿಲ್ಲ. ಸೋಲಿಲ್ಲದಿರುವುದು ಗೆಲುವಲ್ಲ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ.

ನಮ್ಮ ಕ್ರೀಡಾಪುಟಗಳಲ್ಲಿ ‘ಅಜೇಯ’ಕ್ಕೆ ಈಗಾಗಲೇ ಖಚಿತವಾದ ಕೆಲಸವೊಂದು ಸಿಕ್ಕಿಬಿಟ್ಟಿದೆ ಎಂಬುದೂ ಗಮನಿಸಬೇಕಾದ ಸಂಗತಿ. ‘ಅಜೇಯ 87 ರನ್’ ಎಂದರೆ ಔಟಾಗದೆ ಉಳಿದ ಬ್ಯಾಟರ್. ‘ಅಜೇಯ ಓಟ’ ಎಂದರೆ ಇಲ್ಲಿಯವರೆಗೆ ಸೋಲು ಕಾಣದ ತಂಡ. ಅಂದರೆ ಪದ ‘ಜಯಿಸಲು ಆಗದ’ ಎಂಬ ಅರ್ಥದಿಂದ ಜಾರಿ ‘ಈವರೆಗೆ ಸೋಲದ’ ಎಂಬಲ್ಲಿಗೆ, ಅಂದರೆ ‘ಅಜಿತ’, ‘ಅಪರಾಜಿತ’ಗಳ ಜಾಗಕ್ಕೆ ಬಂದು ಕೂತಿದೆ. ಹಾಗೆ ನೋಡಿದರೆ ಸಂಸ್ಕೃತ ವ್ಯಾಕರಣದಲ್ಲಿಯೂ ಜಯಿಸಲು ಶಕ್ಯವಾದದ್ದಕ್ಕೆ ‘ಜಯ್ಯ’, ಜಯಿಸತಕ್ಕದ್ದಕ್ಕೆ ‘ಜೇಯ’ ಎಂದು ಎರಡು ರೂಪಗಳಿವೆ. ಆ ಲೆಕ್ಕದಲ್ಲಿ ಯಾರೂ ಜಯಿಸಲಾಗದವನು ‘ಅಜಯ್ಯ’ನಾಗಬೇಕಿತ್ತು. ಕನ್ನಡ ಆ ಭೇದವನ್ನು ಉಳಿಸಿಕೊಂಡಿಲ್ಲ, ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿಯುವುದೂ ಇಲ್ಲ. ನನಗೆ ಮುಖ್ಯವಾದದ್ದು ಬೇರೆ: ಅಜೇಯ, ಅಜಿತ, ಅಪರಾಜಿತ ಮೂರೂ ಆಟದ ಫಲಿತಾಂಶವನ್ನು ಹೇಳುವ ಪದಗಳು. ಕ್ಯಾಮರೂನಿನವರ ವಿಶೇಷಣ ಹೇಳುತ್ತಿರುವುದು ಸ್ವಭಾವವನ್ನು.

ಮೂಲ ಪದವನ್ನು ಬಿಡಿಸಿದರೆ ಇದು ತಾನಾಗಿಯೇ ಕಾಣುತ್ತದೆ. ಫ್ರೆಂಚಿನಲ್ಲಿ ‘ಆಂದೋಂತಾಬ್ಲ್’ ಪದದ ಒಳಗಿರುವ ಕ್ರಿಯಾಪದಕ್ಕೆ ಕಾಡುಪ್ರಾಣಿಯನ್ನು ಪಳಗಿಸುವುದು ಎಂದೇ ಅರ್ಥ; ಸರ್ಕಸ್ಸಿನಲ್ಲಿ ಚಾವಟಿ ಹಿಡಿದು ಸಿಂಹವನ್ನು ಸ್ಟೂಲಿನ ಮೇಲೆ ಕೂರಿಸುವವನ ಹೆಸರೂ ಅದೇ ಕ್ರಿಯಾಪದದಿಂದ ಬಂದದ್ದು. ಅಂದಮೇಲೆ ಅವರು ತಮ್ಮನ್ನು ಕರೆದುಕೊಂಡಿರುವುದು ಸೋಲದ ಸಿಂಹಗಳು ಎಂದಲ್ಲ, ಯಾವ ಚಾವಟಿಗೂ ಸ್ಟೂಲು ಹತ್ತದ ಸಿಂಹಗಳು ಎಂದು. ಫ್ರೆಂಚ್, ಇಂಗ್ಲಿಷ್ ಎರಡರ ಹಿಂದೆಯೂ ಇರುವ ಲ್ಯಾಟಿನ್ ಧಾತು ‘ಡೊಮಾರೆ’. ಅದೂ ನಮ್ಮ ‘ದಮನ’, ‘ಶಮದಮ’ಗಳಲ್ಲಿರುವ ಸಂಸ್ಕೃತದ ‘ದಮ್’ ಧಾತುವೂ ಒಂದೇ ಬೇರಿನವು. ‘ದಮ್ಯ’ ಎಂದರೆ ಸಂಸ್ಕೃತದಲ್ಲಿ ಇನ್ನೂ ನೊಗಕ್ಕೆ ಹೂಡಿ ಪಳಗಿಸಬೇಕಾದ ಎಳೆಯ ಹೋರಿ ಎಂಬ ಅರ್ಥವೂ ಇದೆ. ಆದ್ದರಿಂದ ‘ಅದಮ್ಯ’ ಎಂಬುದು ಅರ್ಥದಲ್ಲಿ ಮಾತ್ರವಲ್ಲ, ಹುಟ್ಟಿನಲ್ಲಿಯೂ ಆ ಪದದ ದಾಯಾದಿ.

ಈ ಸ್ವಭಾವ ಎಂತಹದೆಂದು ತೋರಿಸಿದ್ದು 1990ರ ಇಟಲಿಯ ವಿಶ್ವಕಪ್. ಜೂನ್ 8ರಂದು ಮಿಲಾನಿನಲ್ಲಿ ಉದ್ಘಾಟನಾ ಪಂದ್ಯ. ಎದುರಿಗಿದ್ದದ್ದು ಮರಡೋನಾ ನಾಯಕತ್ವದ ಅರ್ಜೆಂಟೀನಾ, ಆಗಿನ ವಿಶ್ವ ಚಾಂಪಿಯನ್. 61ನೇ ನಿಮಿಷದಲ್ಲಿ ಆಂದ್ರೆ ಕಾನಾ ಬಿಯಿಕ್ ಕೆಂಪು ಕಾರ್ಡು ಪಡೆದು ಹೊರನಡೆದರು. ಆರು ನಿಮಿಷ ಕಳೆಯುವಷ್ಟರಲ್ಲಿ ಅವರ ಸಹೋದರ ಫ್ರಾಂಸ್ವಾ ಒಮಾಮ್ ಬಿಯಿಕ್ ಎದುರಾಳಿಯ ತಲೆಗಿಂತ ಬಹಳ ಎತ್ತರಕ್ಕೆ ನೆಗೆದು ತಲೆಯಿಂದ ಚೆಂಡನ್ನು ಕೆಳಮುಖವಾಗಿ ಹೊಡೆದರು. ಗೋಲ್‌ಕೀಪರ್ ಪುಂಪಿದೊ ಕೈಗೆ ಸಿಕ್ಕ ಚೆಂಡು ಜಾರಿ ಗೆರೆ ದಾಟಿತು. ಪಂದ್ಯ ಮುಗಿಯಲು ಇನ್ನೇನು ನಿಮಿಷಗಳಿವೆ ಎನ್ನುವಾಗ ಅರ್ಜೆಂಟೀನಾದ ಕನಿಜ್ಜಾ ಒಬ್ಬನ ಕಾಲಿನಿಂದ ತಪ್ಪಿಸಿಕೊಂಡು, ಇನ್ನೊಬ್ಬನ ಕಾಲಿಗೆ ಎಡವಿ, ಬೀಳುವಂತಾಗಿಯೂ ಬೀಳದೆ ಮುಗ್ಗರಿಸುತ್ತಲೇ ಓಡುತ್ತಿದ್ದಾಗ ಬೆಂಜಮಿನ್ ಮಾಸಿಂಗ್ ಅಡ್ಡಬಂದು ಇಡೀ ಮೈಯಿಂದ ಅಪ್ಪಳಿಸಿದರು. ಆ ರಭಸಕ್ಕೆ ಮಾಸಿಂಗರದೇ ಒಂದು ಬೂಟು ಕಳಚಿಹೋಯಿತು. ಅವರಿಗೂ ಕೆಂಪು ಕಾರ್ಡು. ಒಂಬತ್ತು ಮಂದಿಗಿಳಿದ ಕ್ಯಾಮರೂನ್ 1-0ರಿಂದ ಗೆದ್ದಿತು. ಮಾಸಿಂಗರ ಆ ಹೊಡೆತವನ್ನು ನಾನು ಸಮರ್ಥಿಸುವುದಿಲ್ಲ. ಆದರೆ ‘ಪಳಗಿಸಲಾಗದ’ ಎಂಬ ಮಾತಿನಲ್ಲಿ ಅಂತಹ ಒರಟುತನಕ್ಕೂ ಒಂದು ಪಾಲಿದೆ, ಅದನ್ನು ಅನುವಾದದಲ್ಲಿ ತೊಳೆದು ಹಾಕಬಾರದು ಎಂಬುದು ನನ್ನ ಅಭಿಪ್ರಾಯ.

ಮುಂದಿನದು ಬಹುಮಂದಿಗೆ ಗೊತ್ತಿರುವ ಕಥೆ. 38 ವರ್ಷದ ರೋಜೆ ಮಿಲ್ಲಾ ಬದಲಿ ಆಟಗಾರರಾಗಿ ಬಂದು ರೊಮೇನಿಯಾ ವಿರುದ್ಧ ಎರಡು, ಕೊಲಂಬಿಯಾ ವಿರುದ್ಧ ಎರಡು ಗೋಲು ಹೊಡೆದು, ಮೂಲೆಯ ಬಾವುಟದ ಬಳಿ ಸೊಂಟ ಕುಣಿಸಿದರು. ನಡುವೆ ಸೋವಿಯತ್ ತಂಡದೆದುರು 0-4ರ ಸೋಲೂ ಆಯಿತು. ಕ್ವಾರ್ಟರ್ ಫೈನಲ್ ತಲುಪಿದ ಆಫ್ರಿಕಾದ ಮೊದಲ ತಂಡವಾಗಿ ನೇಪಲ್ಸಿನಲ್ಲಿ ಇಂಗ್ಲೆಂಡಿನೆದುರು 83ನೇ ನಿಮಿಷದವರೆಗೂ 2-1ರಿಂದ ಮುಂದಿದ್ದು, ಲಿನೆಕರ್ ಅವರ ಎರಡು ಪೆನಾಲ್ಟಿಗಳಿಂದಾಗಿ ಹೆಚ್ಚುವರಿ ಸಮಯದಲ್ಲಿ 2-3ರಿಂದ ಸೋತಿತು. 1982ರಲ್ಲಿ ಸೋಲದೆ ಹೋದ ತಂಡ, 1990ರಲ್ಲಿ ಎರಡು ಬಾರಿ ಸೋತು ಹೋದ ತಂಡ: ಜಗತ್ತು ಯಾವುದನ್ನು ನೆನಪಿಟ್ಟುಕೊಂಡಿದೆ ಎಂಬುದರಲ್ಲಿಯೇ ಅಜೇಯಕ್ಕೂ ಅದಮ್ಯಕ್ಕೂ ಇರುವ ಅಂತರ ಇದೆ.

ಈಗ ಅಚ್ಚಗನ್ನಡದ ಸಾಧ್ಯತೆಗಳಿಗೆ ಬರುತ್ತೇನೆ. ನನಗೆ ತೊಡಕಾಗಿರುವುದು ಇಲ್ಲಿಯೇ. ಮೊದಲು ತೋಚಿದ್ದು ‘ಪಳಗದ ಸಿಂಹಗಳು’. ಕೇಳಲು ಚೆನ್ನಾಗಿದೆ, ಮೂಲಕ್ಕೂ ಹತ್ತಿರವಾಗಿದೆ. ಆದರೆ ‘ಪಳಗಿದ ಕೈ’, ‘ಪಳಗಿದ ಆಟಗಾರ’ ಎಂದರೆ ಕನ್ನಡದಲ್ಲಿ ಅನುಭವದಿಂದ ನುರಿತವನು. ಕ್ರೀಡಾಲೇಖನದಲ್ಲಿ ‘ಪಳಗದ’ ಎಂದೊಡನೆ ಓದುಗ ‘ಅನನುಭವಿ’ ಎಂದು ತಿಳಿಯುವ ಅಪಾಯವಿದೆ. 38ರಲ್ಲಿ ನಾಲ್ಕು ಗೋಲು ಹೊಡೆದು, ಮತ್ತೆ 1994ರಲ್ಲಿ 42ನೇ ವಯಸ್ಸಿನಲ್ಲಿ ರಷ್ಯಾ ವಿರುದ್ಧ ಗೋಲು ಹೊಡೆದ ಮಿಲ್ಲಾರಿಗಿಂತ ಪಳಗಿದ ಆಟಗಾರ ಇನ್ನು ಯಾರು? ‘ಪಳಗಿಸಲಾಗದ’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಮೈದಾನದಲ್ಲಿ ಕೂಗಿ ಕರೆಯುವ ಹೆಸರಾಗಿ ಅದು ಬಾಯಿಗೆ ಒಗ್ಗುವುದಿಲ್ಲ.

‘ಮಣಿಯದ ಸಿಂಹಗಳು’ ಇನ್ನೊಂದು. ಆದರೆ ‘ಕ್ಯಾಮರೂನಿಗೆ ಮಣಿದ ಅರ್ಜೆಂಟೀನಾ’ ಎಂಬಂತಹ ಶೀರ್ಷಿಕೆಗಳನ್ನು ದಿನವೂ ಓದುವವರಿಗೆ ಮಣಿಯುವುದು ಎಂದರೆ ಸೋಲುವುದೇ. ಮತ್ತೆ ಅಜೇಯದ ಹೊಂಡಕ್ಕೇ ಬಿದ್ದಂತಾಗುತ್ತದೆ. ‘ಲಗಾಮಿಲ್ಲದ’ ಎಂದರೆ ಬೈಗುಳ. ‘ಅಂಕೆಗೆ ಸಿಗದ’ ಎಂಬುದು ತಕ್ಕಮಟ್ಟಿಗೆ ಒಪ್ಪುತ್ತದೆಯಾದರೂ ಅಂಕಿ ಅಂಶಗಳೇ ತುಂಬಿರುವ ಲೇಖನದಲ್ಲಿ ‘ಅಂಕೆ’ ಬೇರೆಯೇ ಅರ್ಥ ಕೊಡುತ್ತದೆ. ‘ಕೆಚ್ಚೆದೆಯ ಸಿಂಹಗಳು’, ‘ಎದೆಗುಂದದ ಸಿಂಹಗಳು’ ಎಂಬ ಎರಡನ್ನು ಗೆಳೆಯರೊಬ್ಬರು ಸೂಚಿಸಿದರು. ಮರದ ತಿರುಳಿನ ಗಟ್ಟಿತನವನ್ನು ಹೇಳುವ ‘ಕೆಚ್ಚು’ ನನಗೆ ಬಹಳ ಇಷ್ಟವಾದ ಪದ. ಆದರೂ ಈ ತಂಡದ ಹೆಸರಿನಲ್ಲಿ ‘ಎದೆ’ಯನ್ನು ಸೇರಿಸಲು ನನ್ನ ಕೈ ಬರುವುದಿಲ್ಲ. 2003ರ ಜೂನ್ 26ರಂದು ಫ್ರಾನ್ಸಿನ ಲಿಯಾನ್ ನಗರದಲ್ಲಿ ಕಾನ್ಫೆಡರೇಷನ್ಸ್ ಕಪ್ಪಿನ ಸೆಮಿಫೈನಲ್ ನಡೆಯುತ್ತಿದ್ದಾಗ, 72ನೇ ನಿಮಿಷದಲ್ಲಿ, ಹತ್ತಿರ ಯಾರೂ ಇಲ್ಲದ ಮೈದಾನದ ನಡುಭಾಗದಲ್ಲಿ ಮಾರ್ಕ್ ವಿವಿಯನ್ ಫೋಯೆ ಕುಸಿದು ಬಿದ್ದರು. ಅವರಿಗೆ 28 ವರ್ಷ. ಹೃದಯದ ತೊಂದರೆಯಿಂದ ತೀರಿಕೊಂಡರು. ಮೂರು ದಿನಗಳ ಬಳಿಕ ಅವರ ಸಂಗಡಿಗರು ಫೈನಲ್ ಆಡಿ ಫ್ರಾನ್ಸಿಗೆ 0-1ರಿಂದ ಸೋತರು. ಆ ಸೋಲನ್ನು ಬಲ್ಲವರು ‘ಎದೆಗುಂದದ’ ಎಂಬ ಪದವನ್ನು ಓದಿ ಒಂದು ಕ್ಷಣವಾದರೂ ನೋಯುತ್ತಾರೆ.

ಹೀಗೆ ಎಲ್ಲವನ್ನೂ ಸೋಸಿದ ಮೇಲೆ ಉಳಿಯುವುದು ‘ಅದಮ್ಯ’. ಇದರ ಮೇಲೆ ನನಗಿರುವ ಅನುಮಾನ ಒಂದೇ: ಕನ್ನಡದಲ್ಲಿ ನಾವು ‘ಅದಮ್ಯ ಉತ್ಸಾಹ’, ‘ಅದಮ್ಯ ಆಸೆ’, ‘ಅದಮ್ಯ ಚೇತನ’ ಎನ್ನುತ್ತೇವೆಯೇ ಹೊರತು ಕಣ್ಣಿಗೆ ಕಾಣುವ ಪ್ರಾಣಿಗೋ ಮನುಷ್ಯನಿಗೋ ಈ ವಿಶೇಷಣವನ್ನು ಹಚ್ಚುವುದು ಅಪರೂಪ. ‘ಅದಮ್ಯ ಸಿಂಹ’ ಎಂಬ ಪ್ರಯೋಗ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಎಳೆಯ ಹೋರಿಯಿಂದ ಹೊರಟ ಪದವನ್ನು ಮರಳಿ ಮೃಗಕ್ಕೆ ತಂದು ಕಟ್ಟುವುದರಲ್ಲಿ ತಪ್ಪಿಲ್ಲವೆಂದು ನನ್ನ ವಾದ. ಬಳಕೆಯ ಬಲವಿಲ್ಲದೆ ಅದು ಪಂಡಿತರ ಪದವಾಗಿಯೇ ಉಳಿದೀತೆಂಬ ಅಳುಕೂ ಇದೆ.

ಇದಕ್ಕೆ ಅಂಟಿಕೊಂಡ ಸಣ್ಣ ವ್ಯಾಕರಣದ ಪ್ರಶ್ನೆಯನ್ನೂ ಕೇಳಿಬಿಡುತ್ತೇನೆ. ‘ಸಿಂಹಗಳು ಗೆದ್ದವು’ ಎಂದು ಬರೆದ ಮರುವಾಕ್ಯದಲ್ಲಿಯೇ ‘ಅವರಲ್ಲಿ ಇಬ್ಬರು ಹೊರಹೋಗಿದ್ದರು’ ಎನ್ನಬೇಕಾಗುತ್ತದೆ. ‘ಸಿಂಹಗಳು ಗೆದ್ದರು’ ಎಂದರೆ ಕಿವಿ ಒಪ್ಪುವುದಿಲ್ಲ. ನಾನು ಸದ್ಯಕ್ಕೆ ಹೆಸರನ್ನು ಒಮ್ಮೆ ಹೇಳಿ, ಮುಂದೆ ‘ಕ್ಯಾಮರೂನ್ ಗೆದ್ದಿತು’ ಎಂದು ಸಾಗಿದ್ದೇನೆ. 2015 ಮತ್ತು 2019ರ ವಿಶ್ವಕಪ್‌ಗಳಲ್ಲಿ ಎರಡನೆಯ ಸುತ್ತು ತಲುಪಿದ ಅವರ ಮಹಿಳಾ ತಂಡಕ್ಕೆ ಮಾತ್ರ ‘ಸಿಂಹಿಣಿಯರು’ ಎಂದೊಡನೆ ‘ಆಡಿದರು’ ಎಂಬ ಕ್ರಿಯಾಪದ ಸರಾಗವಾಗಿ ಕೂಡಿಕೊಂಡಿತು. ಗಂಡಸರಿಗೆ ಇಂತಹ ದಾರಿ ಕಾಣಲಿಲ್ಲ.

ತಂಡದ ಗೆಲುವುಗಳನ್ನು ನಾನು ಮರೆಮಾಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 1984, 1988, 2000, 2002 ಮತ್ತು 2017ರಲ್ಲಿ ಆಫ್ರಿಕಾ ಕಪ್ ಅವರದಾಯಿತು. ಅದಕ್ಕಿಂತ ಹೆಚ್ಚು ಬಾರಿ ಗೆದ್ದಿರುವುದು ಈಜಿಪ್ಟ್ ಮಾತ್ರ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅವರ ಕಿರಿಯರ ತಂಡ ಬ್ರೆಜಿಲನ್ನು ಮತ್ತೆ ಒಂಬತ್ತೇ ಮಂದಿಯೊಂದಿಗೆ ಸೋಲಿಸಿ, ಫೈನಲಿನಲ್ಲಿ ಸ್ಪೇನಿನೆದುರು 0-2ರಿಂದ ಹಿಂದಿದ್ದು ಸಮಮಾಡಿ, ಪೆನಾಲ್ಟಿಗಳಲ್ಲಿ ಚಿನ್ನ ಗೆದ್ದಿತು. ಆದರೂ ನನ್ನ ಪದಚರ್ಚೆಗೆ ಹೆಚ್ಚು ನೆರವಾಗುವುದು 2022ರ ಕತಾರಿನ ಒಂದು ದೃಶ್ಯ. ಬ್ರೆಜಿಲ್ ವಿರುದ್ಧದ ಪಂದ್ಯದ ಕೊನೆಯಲ್ಲಿ, ಹೆಚ್ಚುವರಿಯಾಗಿ ಕೊಟ್ಟ ನಿಮಿಷಗಳಲ್ಲಿ, ನಾಯಕ ವಿನ್ಸೆಂಟ್ ಅಬೂಬಕರ್ ತಲೆಯಿಂದ ಗೋಲು ಹೊಡೆದು, ಅಂಗಿ ಕಳಚಿ ಎಸೆದರು. ಅಂಗಿ ಕಳಚಿದರೆ ಹಳದಿ ಕಾರ್ಡು, ಅದು ಅವರಿಗೆ ಆ ದಿನದ ಎರಡನೆಯದು. ರೆಫರಿ ನಗುತ್ತ ಬಂದು, ಕೈ ಕುಲುಕಿ, ಆಮೇಲೆ ಹಳದಿಯನ್ನೂ ಕೆಂಪನ್ನೂ ತೋರಿಸಿದರು. ಅಬೂಬಕರ್ ಕೂಡ ನಗುತ್ತಲೇ ಹೊರನಡೆದರು. ವಿಶ್ವಕಪ್ಪಿನಲ್ಲಿ ಬ್ರೆಜಿಲನ್ನು ಸೋಲಿಸಿದ ಆಫ್ರಿಕಾದ ಮೊದಲ ತಂಡ ಅದಾಗಿತ್ತು, ಮತ್ತು ಅದೇ ರಾತ್ರಿ ಟೂರ್ನಿಯಿಂದ ಹೊರಬಿದ್ದ ತಂಡವೂ ಅದೇ ಆಗಿತ್ತು.

ಕೊನೆಯ ಕೋರಿಕೆ ಹಾವೇರಿ, ಶಿಕಾರಿಪುರದ ಕಡೆಯ ಸದಸ್ಯರಿಗೆ. ದೀಪಾವಳಿಯ ನಂತರ ನಿಮ್ಮಲ್ಲಿ ನಡೆಯುವ ಹೋರಿ ಹಬ್ಬದಲ್ಲಿ, ಜನರ ನಡುವೆ ನುಗ್ಗಿ ಓಡುವಾಗ ಯಾರ ಕೈಗೂ ಕೊರಳ ಕೊಬ್ಬರಿ ಹಾರವನ್ನು ಬಿಟ್ಟುಕೊಡದೆ ಸಾಗುವ ಹೋರಿಯನ್ನು ನೋಡುತ್ತ ನಿಂತವರು ಏನೆಂದು ಕರೆಯುತ್ತಾರೆ? ಅಂತಹ ಹೋರಿಗೂ ನೊಗಕ್ಕೆ ಹೆಗಲು ಕೊಡದ ಎತ್ತಿಗೂ ಮನೆಗಳಲ್ಲಿ ಬಳಸುವ ಮಾತು ಯಾವುದಿದ್ದರೂ, ಅದು ಬೈಗುಳದಂತೆ ಕೇಳಿಸಿದರೂ ಸರಿ, ಇದ್ದಂತೆಯೇ ಬರೆದು ತಿಳಿಸಿ. ಕರಡನ್ನು ಈ ತಿಂಗಳ ಕೊನೆಯವರೆಗೂ ನನ್ನ ಬಳಿಯೇ ಇಟ್ಟುಕೊಂಡಿರುತ್ತೇನೆ.