ಫ್ರಿಜ್ ಮುಟ್ಟಿದರೆ ಕೈ ಜುಮ್ಮೆನ್ನುವ ಹಳೆಯ ಮನೆ: ವೈರಿಂಗ್ ಬಗ್ಗೆ ಅನುಭವ ಹಂಚಿಕೆ

ಪ್ರಶ್ನೆ, ಶಿವಮೊಗ್ಗದಿಂದ:

ನಾವು ಕೊಂಡ ಮನೆ ಸುಮಾರು ಮೂವತ್ತು ವರ್ಷ ಹಳೆಯದು. ಮಳೆಗಾಲ ಹಿಡಿದ ಮೇಲೆ ಫ್ರಿಜ್ಜಿನ ಹಿಡಿಕೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿದೆ. ಗೀಸರ್ ಹಾಕಿದ್ದಾಗ ಬಚ್ಚಲುಮನೆಯ ನಲ್ಲಿಯಲ್ಲೂ ಹಾಗೆಯೇ ಆಗುತ್ತದೆ. ಕರೆಸಿದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ನೋಡಿ, "ಮಳೆಗಾಲದಲ್ಲಿ ಸ್ವಲ್ಪ ಹೀಗೇ ಆಗುತ್ತದೆ, ಚಪ್ಪಲಿ ಹಾಕಿಕೊಂಡು ಮುಟ್ಟಿ" ಎಂದು ಹೇಳಿ ಹೋದರು. ಮನೆಗೆ ಬಂದ ನೆಂಟರಿಗೆಲ್ಲ ಇದೊಂದು ತಮಾಷೆಯ ವಿಷಯವಾಗಿದೆ. ಆದರೆ ಮನೆಯಲ್ಲಿ ಅಂಬೆಗಾಲಿಡುವ ಮಗುವಿದೆ. ವೈರಿಂಗ್ ಪೂರ್ತಿ ಬದಲಿಸಬೇಕೇ? ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಎಂದು ಗುರುತಿಸುವುದು ಹೇಗೆ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ, ದಾವಣಗೆರೆಯಿಂದ, ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕರು:

ಮೊದಲು ಇವತ್ತೇ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಮೇನ್ ಸ್ವಿಚ್ ಆರಿಸಿ, ಯುಪಿಎಸ್ ಇದ್ದರೆ ಅದನ್ನೂ ಆರಿಸಿ, ಗೀಸರ್ ಮತ್ತು ಫ್ರಿಜ್ ಎರಡರ ಪ್ಲಗ್ಗುಗಳನ್ನೂ ಕಿತ್ತಿಡಿ. ಗೀಸರಿನ ಸ್ವಿಚ್ಚನ್ನು ಮಾತ್ರ ಆರಿಸಿ ಸುಮ್ಮನಾಗಬೇಡಿ, ಏಕೆಂದರೆ ಆ ಸ್ವಿಚ್ಚು ಕರೆಂಟು ತರುವ ಫೇಸ್ ತಂತಿಯಲ್ಲಿದೆಯೋ ಅದನ್ನು ಹಿಂದಕ್ಕೆ ಒಯ್ಯುವ ನ್ಯೂಟ್ರಲ್ ತಂತಿಯಲ್ಲಿದೆಯೋ ಎಂಬುದು ಸದ್ಯ ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸರಿಪಡಿಸುವವರೆಗೆ ನೀರನ್ನು ಗ್ಯಾಸಿನ ಮೇಲೆ ಕಾಯಿಸಿಕೊಳ್ಳಿ. ಬಕೆಟ್ಟಿನಲ್ಲಿ ಕಾಯಿಸುವ ರಾಡ್ ಈ ಮನೆಗೆ ಗೀಸರಿಗಿಂತಲೂ ಅಪಾಯಕಾರಿ.

ನೀವು ಹೇಳಿದ ಎರಡು ಲಕ್ಷಣಗಳು ಎರಡು ಬೇರೆ ದೋಷಗಳಲ್ಲ, ಬಹುಮಟ್ಟಿಗೆ ಒಂದೇ ದೋಷ ಎಂದು ನನಗೆ ಅನ್ನಿಸುತ್ತದೆ. ಮನೆಯ ಎಲ್ಲ ಮೂರು ಪಿನ್ನಿನ ಸಾಕೆಟ್ಟುಗಳ ಅರ್ಥ್ ತಂತಿಗಳು, ಎಂದರೆ ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ತಂತಿಗಳು, ಬೋರ್ಡಿನಲ್ಲಿ ಒಂದಾಗಿ ಸೇರಿ, ಅಲ್ಲಿಂದ ಹೊರಗಿನ ಅರ್ಥ್ ಗುಂಡಿಗೆ ಹೋಗಬೇಕು. ಆ ಗುಂಡಿಯ ಸಂಪರ್ಕ ತುಕ್ಕು ಹಿಡಿದು ಕಳಚಿದ್ದರೆ, ಮನೆಯೊಳಗಿನ ಲೋಹದ ಮೈಗಳೆಲ್ಲ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ, ಆದರೆ ಯಾವುದೂ ಭೂಮಿಗೆ ಸೇರಿರುವುದಿಲ್ಲ. ಆಗ ಗೀಸರಿನ ಕಾಯಿಲಿನಿಂದ ಸೋರಿದ ಕರೆಂಟು ಅದೇ ಅರ್ಥ್ ತಂತಿ ಹಿಡಿದು ಅಡುಗೆಮನೆಯ ಫ್ರಿಜ್ಜಿನ ಹಿಡಿಕೆಗೂ ಬರುತ್ತದೆ. ಫ್ರಿಜ್ಜಿಗೆ ಏನೂ ಆಗಿಲ್ಲದಿರಬಹುದು. ಹಳೆಯ ಮನೆಗಳಲ್ಲಿ ಇನ್ನೊಂದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ: ಅರ್ಥ್ ತಂತಿಯನ್ನು ಜಿಐ (ಸತು ಲೇಪಿಸಿದ ಕಬ್ಬಿಣದ) ನೀರಿನ ಪೈಪಿಗೆ ಕ್ಲಾಂಪ್ ಮಾಡಿರುತ್ತಾರೆ, ಮುಂದೆ ಯಾವಾಗಲೋ ಪ್ಲಂಬರ್ ಆ ಪೈಪನ್ನು ತೆಗೆದು ಪಿವಿಸಿ ಹಾಕಿರುತ್ತಾರೆ. ಅಂದಿನಿಂದ ಮನೆಗೆ ಅರ್ಥ್ ಇಲ್ಲ, ಆದರೆ ಅದನ್ನು ಯಾರೂ ಗಮನಿಸಿರುವುದಿಲ್ಲ.

ಇದಕ್ಕಿಂತ ಕೆಟ್ಟದ್ದೂ ಇರಬಹುದು. ಸಾಕೆಟ್ಟಿನ ಹಿಂದೆ ಅರ್ಥ್ ತಂತಿ ಇಲ್ಲದಿದ್ದಾಗ ಕೆಲವರು ನ್ಯೂಟ್ರಲ್ ಪಿನ್ನಿನಿಂದ ಅರ್ಥ್ ಪಿನ್ನಿಗೆ ಒಂದು ಗೇಣು ತಂತಿ ಸೇರಿಸಿಬಿಡುತ್ತಾರೆ. ಬಲ್ಬಿನ ಹೋಲ್ಡರಿಗೆ ತಂತಿ ಸಿಕ್ಕಿಸಿ ಪರೀಕ್ಷಿಸಿದರೆ ಬಲ್ಬು ಚೆನ್ನಾಗಿಯೇ ಉರಿಯುತ್ತದೆ, "ಅರ್ಥ್ ಸರಿಯಿದೆ" ಎಂಬ ತೀರ್ಪೂ ಸಿಗುತ್ತದೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ತುಂಡಾದ ದಿನ, ಆ ತುಂಡು ತಂತಿಯ ಮೂಲಕವೇ 230 ವೋಲ್ಟ್ ಉಪಕರಣದ ಮೈಗೆ ಏರುತ್ತದೆ. ನಿಮ್ಮ ಮನೆಯ ಪ್ರತಿಯೊಂದು ಸಾಕೆಟ್ಟನ್ನೂ ಬಿಚ್ಚಿಸಿ ಈ ತುಂಡನ್ನು ಹುಡುಕಿಸಿ.

ಇನ್ನು ತಮಾಷೆಯ ಮಾತು. ಎಲೆಕ್ಟ್ರಿಷಿಯನ್ನರ ಬಗ್ಗೆ ನಮ್ಮಲ್ಲಿ ಓಡಾಡುವ ನಗೆಮಾತುಗಳನ್ನು ನಾನು ತರಗತಿಯಲ್ಲಿ ಪಾಠಕ್ಕೇ ಬಳಸುತ್ತೇನೆ, ಏಕೆಂದರೆ ಒಂದೊಂದು ನಗೆಮಾತೂ ಒಂದೊಂದು ದೋಷದ ನಿಖರವಾದ ವರ್ಣನೆ. "ನಮ್ಮ ಎಲೆಕ್ಟ್ರಿಷಿಯನ್ ಬಂದು ಹೋದ ಮೇಲೆ ಬೆಲ್ ಒತ್ತಿದರೆ ಫ್ಯಾನ್ ತಿರುಗುತ್ತದೆ" ಎನ್ನುತ್ತಾರೆ. ಫೇಸಿಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥಿಗೆ ಹಸಿರು ಎಂಬ ಬಣ್ಣದ ನಿಯಮವನ್ನು ಬಿಟ್ಟು, ಉಳಿದಿದ್ದ ಒಂದೇ ಕಾಯಿಲಿನ ಒಂದೇ ಬಣ್ಣದ ತಂತಿಯನ್ನು ಪೈಪಿನ ತುಂಬ ಎಳೆದರೆ ಆಗುವುದು ಅದೇ. ಮುಂದೆ ಬರುವ ಯಾವ ಕೆಲಸಗಾರನೂ ಆ ಮನೆಯಲ್ಲಿ ಊಹೆಯ ಮೇಲೆಯೇ ಕೆಲಸ ಮಾಡಬೇಕು. "ಅವರು ಹಾಕಿದ ಫ್ಯೂಸ್ ಎಷ್ಟು ಗಟ್ಟಿ ಎಂದರೆ ಹೋಗುವುದೇ ಇಲ್ಲ" ಎನ್ನುತ್ತಾರೆ. ಫ್ಯೂಸ್ ತಂತಿಯ ಜಾಗದಲ್ಲಿ ವೈರಿನ ತಾಮ್ರದ ಎಳೆಗಳನ್ನು ಹೊಸೆದು ಹಾಕಿದ್ದಾರೆ ಎಂದು ಇದರ ಅರ್ಥ. ಫ್ಯೂಸ್ ಕರಗುವುದಿಲ್ಲ, ಗೋಡೆಯೊಳಗಿನ ತಂತಿಯ ಹೊದಿಕೆ ಕರಗುತ್ತದೆ. ಇಂದಿನ ಮನೆಗಳಲ್ಲಿ ಇದೇ ತಪ್ಪು 1.5 ಚದರ ಮಿಲಿಮೀಟರಿನ ತಂತಿಗೆ 32 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಸ್ವಿಚ್ಚು) ಹಾಕುವ ರೂಪದಲ್ಲಿ ಮುಂದುವರಿದಿದೆ. "ಸ್ವಿಚ್ ಆರಿಸಿದರೂ ಬಲ್ಬು ಮಿಣುಕುತ್ತದೆ, ಮನೆಯಲ್ಲಿ ದೆವ್ವವಿದೆ" ಎನ್ನುವ ಮನೆಯಲ್ಲಿ ಸ್ವಿಚ್ಚು ನ್ಯೂಟ್ರಲ್‌ನಲ್ಲಿದೆಯೇ ಎಂದು ಮೊದಲು ನೋಡಬೇಕು. ಎಲ್ಇಡಿ ಬಲ್ಬುಗಳು ಮಿಣುಕಲು ಬೇರೆ ಕಾರಣಗಳೂ ಉಂಟು, ಆದರೆ ಇದು ನಿಜವಾಗಿದ್ದರೆ ಬಲ್ಬು ಬದಲಿಸುವವರ ಬೆರಳಿಗೆ ಸ್ವಿಚ್ ಆರಿಸಿದ ಮೇಲೂ ಫೇಸ್ ಸಿಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಿಂದ ಹೇಳುವ ಮಾತು, "ಅವನಿಗೆ ಟೆಸ್ಟರೇ ಬೇಡ, ಬೆರಳಲ್ಲೇ ಮುಟ್ಟಿ ಕರೆಂಟು ಹೇಳುತ್ತಾನೆ" ಎಂಬುದು. ಒಣಗಿದ ಚರ್ಮ, ದಪ್ಪ ಚಪ್ಪಲಿ, ಒಣ ನೆಲ ಈ ಮೂರೂ ಕೂಡಿದಾಗ ಅವರು ಬದುಕುತ್ತಾರೆ. ಒದ್ದೆ ಮೈ ಕರೆಂಟಿಗೆ ಒಡ್ಡುವ ತಡೆ ಸುಮಾರು 1000 ಓಮ್‌ಗೆ ಇಳಿಯಬಹುದು. ಆಗ 230 ವೋಲ್ಟಿನಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಹಿಡಿದದ್ದನ್ನು ಬಿಡಲಾಗದಂತೆ ಸ್ನಾಯುಗಳು ಸೆಟೆದುಕೊಳ್ಳಲು ಹತ್ತಿಪ್ಪತ್ತು ಮಿಲಿ ಆಂಪಿಯರ್ ಸಾಕು. ನಿಮ್ಮ ನಲ್ಲಿಯನ್ನು ಹಿಡಿಯುವವರು ಒದ್ದೆ ಮೈಯಲ್ಲಿ, ಬರಿಗಾಲಿನಲ್ಲಿ ನಿಂತಿರುತ್ತಾರೆ. ಆದ್ದರಿಂದ ಚಪ್ಪಲಿಯ ಸಲಹೆ ಅಲ್ಲಿ ಕೆಲಸಕ್ಕೇ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಲ್ಲಿ ವಿದ್ಯುತ್ ಆಘಾತದಿಂದ ಸತ್ತವರ ಸಂಖ್ಯೆ ಹನ್ನೆರಡು ಸಾವಿರವನ್ನು ದಾಟಿದೆ. ಜುಮ್ಮೆನ್ನುವುದು ಎಚ್ಚರಿಕೆ ಸಿಕ್ಕಿತೆಂಬ ಲಕ್ಷಣ, ಅದನ್ನು ನೀವು ಗಂಭೀರವಾಗಿ ತೆಗೆದುಕೊಂಡದ್ದು ಸರಿಯಾಗಿದೆ.

"ಎಂಸಿಬಿ ಇದೆಯಲ್ಲ, ಏನಾದರೂ ಆದರೆ ಬೀಳುತ್ತದೆ" ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ಹೇಳಿ. ನಿಮ್ಮ ಅರ್ಥ್ ಗುಂಡಿಯ ತಡೆ 10 ಓಮ್ ಇದೆ ಎಂದುಕೊಳ್ಳೋಣ. ಗೀಸರಿನಲ್ಲಿ ಫೇಸ್ ನೇರವಾಗಿ ಮೈಗೆ ತಗುಲಿದರೂ ಆ ದಾರಿಯಲ್ಲಿ ಹರಿಯುವುದು 23 ಆಂಪಿಯರ್ ಮಾತ್ರ. ಸಿ ವರ್ಗದ 16 ಆಂಪಿಯರಿನ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ಐದರಿಂದ ಹತ್ತು ಪಟ್ಟು, ಎಂದರೆ 80ರಿಂದ 160 ಆಂಪಿಯರ್ ಬೇಕು. 23 ಆಂಪಿಯರಿನಲ್ಲಿ ಅದು ಬಹಳ ಹೊತ್ತು ಹಾಗೆಯೇ ನಿಂತಿರಬಹುದು, ಅಷ್ಟೂ ಹೊತ್ತು ಗೀಸರಿನ ಮೈಯಲ್ಲಿ ಕರೆಂಟಿರುತ್ತದೆ. ಎಂಸಿಬಿ ಇರುವುದು ತಂತಿಯನ್ನು ಕಾಪಾಡಲು. ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ: ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಅದು ಸೆಕೆಂಡಿನ ಒಂದು ಭಾಗದಲ್ಲಿ ಸಂಪರ್ಕ ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದೇ ಬೇಕು. 100 ಅಥವಾ 300ರದು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕಿತೆಂದು ತಂದು ಹಾಕಿದರೆ ಒಪ್ಪಬೇಡಿ. ಅದರ ಮೇಲಿನ ಟಿ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಉತ್ತರ, ಹುಬ್ಬಳ್ಳಿಯಿಂದ:

ಮೇಲಿನವರು ಹೇಳಿದ ಆರ್‌ಸಿಸಿಬಿ ಹಾಕಿಸಿದ ಮೇಲೆ ನಮಗೆ ಆದ ಅನುಭವವನ್ನು ಸೇರಿಸುತ್ತೇನೆ, ಏಕೆಂದರೆ ನಿಮಗೂ ಇದೇ ಆಗುವ ಸಂಭವವಿದೆ. ಹಾಕಿದ ದಿನದಿಂದಲೇ ಅದು ಹೊತ್ತುಗೊತ್ತಿಲ್ಲದೆ ಬೀಳತೊಡಗಿತು. ಹಾಕಿದವರು ಬಂದು "ಮಾಲೇ ಸರಿಯಿಲ್ಲ" ಎಂದು ಅದರ ಪಕ್ಕದಿಂದ ನೇರವಾಗಿ ತಂತಿ ಕೊಟ್ಟರು. ಪೆಟ್ಟಿಗೆಯಲ್ಲಿ ಸಾಧನ ಕಾಣುತ್ತಿತ್ತು, ಕರೆಂಟು ಮಾತ್ರ ಅದರೊಳಗೆ ಹಾದುಹೋಗುತ್ತಿರಲಿಲ್ಲ. ಟಿ ಗುಂಡಿ ಒತ್ತಿದಾಗ ಅದು ಬಿದ್ದರೂ ಮನೆಯ ದೀಪಗಳು ಉರಿಯುತ್ತಲೇ ಇದ್ದದ್ದನ್ನು ಕಂಡು ನಮಗೆ ವಿಷಯ ತಿಳಿಯಿತು. ಆಮೇಲೆ ಕರೆಸಿದ ಬೇರೊಬ್ಬರು ಅರ್ಧ ದಿನ ಕುಳಿತು ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಕಾರಣ ಹುಡುಕಿದರು. ಯುಪಿಎಸ್ ಹಾಕಿದವರು ಅದರ ನ್ಯೂಟ್ರಲನ್ನು ಮನೆಯ ಉಳಿದ ನ್ಯೂಟ್ರಲ್‌ಗಳ ಜತೆ ಬೆರೆಸಿದ್ದರು. ಆರ್‌ಸಿಸಿಬಿಯ ಮೂಲಕ ಹೋದ ಕರೆಂಟು ಇನ್ನೊಂದು ದಾರಿಯಲ್ಲಿ ಹಿಂದಿರುಗುತ್ತಿತ್ತು. ಅವನ್ನು ಬೇರ್ಪಡಿಸಿದ ಮೇಲೆ ತೊಂದರೆ ನಿಂತಿತು. ಆರ್‌ಸಿಸಿಬಿ ಬಿದ್ದಾಗ ಅದನ್ನು ತೆಗೆಯಲು ಹೊರಡುವವರನ್ನು ದಯವಿಟ್ಟು ತಡೆಯಿರಿ, ಬಿದ್ದದ್ದೇಕೆ ಎಂದು ಹುಡುಕುವವರಿಗೆ ಕೆಲಸ ಕೊಡಿ.

ಉತ್ತರ, ಮಂಗಳೂರಿನಿಂದ, ವೈರ್‌ಮನ್ ಪರವಾನಗಿ ಹೊಂದಿದವರು:

ನಗುವವರ ಮೇಲೆ ನನಗೆ ಕೋಪವಿಲ್ಲ, ಆದರೆ ಕೆಲಸ ಕಲಿಯುವ ಬಗೆಯನ್ನೂ ತಿಳಿಸಬೇಕು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಅಥವಾ ವೈರ್‌ಮನ್ ತರಬೇತಿ ಎರಡು ವರ್ಷದ್ದು. ಸೈಟಿನಲ್ಲಿ ಕೆಲಸ ಮಾಡುವ ಹೆಚ್ಚಿನ ಹುಡುಗರಿಗೆ ಆ ಅವಕಾಶ ಸಿಕ್ಕಿರುವುದಿಲ್ಲ. ಗೋಡೆ ಕೊರೆಯಲು ಬಂದವರು, ಪೈಪ್ ಹಾಕಲು ಕಲಿತು, ತಂತಿ ಎಳೆಯಲು ಕಲಿತು, ಒಂದು ದಿನ ಸ್ವತಂತ್ರವಾಗಿ ಕೆಲಸ ಹಿಡಿಯುತ್ತಾರೆ. ಅವರ ಕೈ ಚುರುಕಾಗಿರುತ್ತದೆ, ಬೋರ್ಡು ನೇರವಾಗಿ ಕೂರುತ್ತದೆ, ಆದರೆ ಹಸಿರು ತಂತಿ ಏಕೆ ಬೇಕು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಹಸಿರು ತಂತಿ ಇಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಟಿವಿ ಬರುತ್ತದೆ. ಮನೆಯ ಮಾಲೀಕರು ಪಾಯಿಂಟಿಗೆ ಇಷ್ಟು ಎಂದು ದರ ಕಟ್ಟುತ್ತಾರೆಯೇ ಹೊರತು ಪರೀಕ್ಷೆಗೆ ಹಣ ಕೊಡುವುದಿಲ್ಲ, ಆದ್ದರಿಂದ ಪರೀಕ್ಷೆ ನಡೆಯುವುದಿಲ್ಲ. ಹೊಸ ಸಂಪರ್ಕಕ್ಕೆ ಬೇಕಾದ ಕಾಗದಕ್ಕೆ ಪರವಾನಗಿ ಇರುವವರ ಸಹಿ ಬೀಳುತ್ತದೆ, ಒಳಗೆ ತಂತಿ ಎಳೆದವರು ಬೇರೆಯವರಾಗಿರುತ್ತಾರೆ. ಈ ಪದ್ಧತಿ ನಿಲ್ಲದೆ ಹುಡುಗರನ್ನು ಬೈದು ಏನೂ ಆಗದು.

ಕಾನೂನು ಸ್ಪಷ್ಟವಾಗಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟರೆ, ಮನೆಯ ವೈರಿಂಗಿನ ಸೇರ್ಪಡೆ, ಬದಲಾವಣೆ, ದುರಸ್ತಿಗಳನ್ನೆಲ್ಲ ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರರೇ, ಅರ್ಹತೆಯ ಪ್ರಮಾಣಪತ್ರವಿರುವವರ ಮೇಲ್ವಿಚಾರಣೆಯಲ್ಲಿ ಮಾಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಕರ್ನಾಟಕದಲ್ಲಿ ಈ ಪರವಾನಗಿ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಪರವಾನಗಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನನ್ನನ್ನು ಕೇಳಿದರೆ ನನಗೆ ಸಂತೋಷವಾಗುತ್ತದೆ. ಅದರ ಜತೆಗೆ ಇನ್ನೊಂದನ್ನೂ ಕೇಳಿ: "ನಿಮ್ಮ ಹತ್ತಿರ ಮೆಗ್ಗರ್ ಇದೆಯೇ?" ತಂತಿಯ ಹೊದಿಕೆಯ ತಡೆಯನ್ನು ಅಳೆದು ಕರೆಂಟು ಸೋರುತ್ತಿದೆಯೇ ಎಂದು ತಿಳಿಸುವ ಉಪಕರಣ ಅದು. ಟೆಸ್ಟರಿನ ನಿಯಾನ್ ದೀಪ ಸಣ್ಣ ಸೋರಿಕೆಗೂ ಹೊಳೆಯುತ್ತದೆ, ಪ್ರಾಣಾಂತಿಕ ಫೇಸಿಗೂ ಹೊಳೆಯುತ್ತದೆ, ಎರಡನ್ನೂ ಅದು ಬೇರ್ಪಡಿಸಿ ಹೇಳದು. 500 ವೋಲ್ಟಿನ ಮೆಗ್ಗರಿನಲ್ಲಿ ತಂತಿಗೂ ಅರ್ಥಿಗೂ ನಡುವೆ ಕನಿಷ್ಠ 1 ಮೆಗಾ ಓಮ್ ಬರಬೇಕು. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿರುವಾಗಲೇ ಈ ಪರೀಕ್ಷೆ ಮಾಡಿಸಿ, ಏಕೆಂದರೆ ಬೇಸಿಗೆಯಲ್ಲಿ ಒಳ್ಳೆಯ ಅಂಕಿ ತೋರಿಸುವ ತಂತಿ ನಿಮ್ಮ ಊರಿನ ಜುಲೈ ತಿಂಗಳಲ್ಲಿ ಸೋಲಬಹುದು.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಕೃತಜ್ಞತೆಗಳು. ಪ್ಲಗ್ಗುಗಳನ್ನು ಕಿತ್ತಿಟ್ಟಿದ್ದೇವೆ. ಹಿತ್ತಲಿನಲ್ಲಿ ಅರ್ಥ್ ಗುಂಡಿ ಸಿಕ್ಕಿತು. ಮೇಲಿನ ಮುಚ್ಚಳ ತೆಗೆದರೆ ತಂತಿಯ ತುದಿ ಹಸಿರು ಪುಡಿಯಾಗಿ ಪೈಪಿನಿಂದ ಬಿಟ್ಟುಹೋಗಿತ್ತು. ಪೂರ್ತಿ ವೈರಿಂಗ್ ಬದಲಿಸುವಷ್ಟು ಹಣ ಈ ವರ್ಷ ನಮ್ಮಲ್ಲಿಲ್ಲ. ಯಾವುದನ್ನು ಮೊದಲು ಮಾಡಿಸಲಿ?

ಉತ್ತರ, ದಾವಣಗೆರೆಯಿಂದ:

ಗುಂಡಿಯನ್ನು ನೋಡಿದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅಲ್ಲಿಯೇ ಸಿಕ್ಕಿದೆ. ಹಳೆಯ ಪೈಪಿಗೆ ಮತ್ತೆ ತಂತಿ ಸುತ್ತಿಸಬೇಡಿ. ಹೊಸ ಗುಂಡಿ ತೆಗೆಸಿ, ಸರಿಯಾದ ಕ್ಲಾಂಪಿನಿಂದ ಬಿಗಿಸಿ, ಅರ್ಥಿನ ತಡೆಯನ್ನು ಅಳೆಸಿ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅದೇ ವಾರದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಈ ಎರಡು ಕೆಲಸಗಳ ಖರ್ಚು ಪೂರ್ತಿ ವೈರಿಂಗಿನ ಖರ್ಚಿನ ಸಣ್ಣ ಭಾಗ ಮಾತ್ರ, ಆದರೆ ಮಗುವಿನ ಪ್ರಾಣಕ್ಕೆ ಇರುವ ಅಪಾಯವನ್ನು ಬಹುಪಾಲು ಇಳಿಸುವುದು ಇವೇ.

ಗೀಸರಿನ ಕಾಯಿಲ್ ಸೋರುತ್ತಿದೆಯೇ ಎಂದು ಮೆಗ್ಗರಿನಲ್ಲಿ ಬೇರೆಯಾಗಿ ನೋಡಿಸಿ. ಸೋರುತ್ತಿದ್ದರೆ ಕಾಯಿಲ್ ಬದಲಾಗುವವರೆಗೆ ಅದರ ಪ್ಲಗ್ಗನ್ನು ಸಾಕೆಟ್ಟಿಗೆ ಹಾಕಬೇಡಿ. 3 ಕಿಲೋವ್ಯಾಟಿನ ಗೀಸರು 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ ಬೋರ್ಡಿನಿಂದಲೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಸಿ. ವೈರಿಂಗನ್ನು ಬಚ್ಚಲುಮನೆ ಮತ್ತು ಅಡುಗೆಮನೆಯಿಂದ ಆರಂಭಿಸಿ; ಮಲಗುವ ಕೋಣೆಯ ದೀಪಗಳು ಮುಂದಿನ ವರ್ಷಕ್ಕೆ ಕಾಯಬಲ್ಲವು, ಆದರೆ ಮೆಗ್ಗರಿನಲ್ಲಿ ಸೋತ ತಂತಿ ಎಲ್ಲಿದ್ದರೂ ಕಾಯಲಾರದು. ಕೆಲಸ ನಡೆಯುವಾಗ ಗೋಡೆಯೊಳಗಿನ ಪೈಪಿನಲ್ಲಿ ಟೇಪು ಸುತ್ತಿದ ಜೋಡಣೆ ಇರದಂತೆ ನೋಡಿಕೊಳ್ಳಿ. ಜೋಡಣೆ ಇರಬೇಕಾದದ್ದು ಬಿಚ್ಚಿ ನೋಡಬಹುದಾದ ಪೆಟ್ಟಿಗೆಯಲ್ಲಿ ಮಾತ್ರ. ಗೋಡೆ ಮುಚ್ಚುವ ಮೊದಲು ಪ್ರತಿಯೊಂದು ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮನೆಯ ದೀಪಗಳೆಲ್ಲ ಒಮ್ಮೆಲೇ ಹೆಚ್ಚು ಪ್ರಕಾಶವಾಗಿ ಅಥವಾ ಮಂಕಾಗಿ ಉರಿದರೆ ಅದು ಹೊರಗಿನ ನ್ಯೂಟ್ರಲ್ ಸಡಿಲವಾದ ಲಕ್ಷಣವಾಗಿರಬಹುದು. ಆಗ ಮೇನ್ ಆರಿಸಿ ವಿದ್ಯುತ್ ಕಂಪನಿಯ ದೂರು ಸಂಖ್ಯೆ 1912ಕ್ಕೆ ಕರೆ ಮಾಡಿ, ಕಂಬದ ಕಡೆಯ ಕೆಲಸಕ್ಕೆ ಮನೆಯ ಎಲೆಕ್ಟ್ರಿಷಿಯನ್ನನ್ನು ಹತ್ತಿಸಬೇಡಿ.

ಮೊದಲು ಬಂದು ಹೋದವರನ್ನೂ ಆ ದಿನ ಕರೆಯಲು ಸಾಧ್ಯವಾದರೆ ಕರೆಯಿರಿ. ಮೆಗ್ಗರಿನ ಮುಳ್ಳು ಸೊನ್ನೆಯ ಬಳಿ ನಿಂತದ್ದನ್ನು ಅವರು ಕಣ್ಣಾರೆ ಕಂಡರೆ, ಇನ್ನೊಂದು ಮನೆಯಲ್ಲಿ ಚಪ್ಪಲಿ ಹಾಕಿಕೊಳ್ಳಿ ಎಂದು ಹೇಳುವುದಿಲ್ಲ.