ಗಿಟಾರಿನ ‘ಪಿಕಪ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಂದ ಒಂದು ಪದ ಬೇಕಾಗಿದೆ. ಕಾರವಾರದ ಹಿರಿಯರೊಬ್ಬರು 1960ರ ದಶಕದ ತಮ್ಮ ಜಪಾನಿ ಎಲೆಕ್ಟ್ರಿಕ್ ಗಿಟಾರನ್ನು ಶಿರಸಿಗೆ ತಂದು ನನ್ನ ಕೈಗಿತ್ತಿದ್ದರು. ತೋಟದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವುದು ನನ್ನ ಕಸುಬು. ಗಿಟಾರ್ ನನ್ನ ಪ್ರೀತಿ. ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗವೇ ಪಿಕಪ್. ಅದರ ಎರಡು ಪಿಕಪ್‌ಗಳಲ್ಲಿ ಒಂದು ಮೂಕವಾಗಿತ್ತು. ಮೀಟರ್ ಹಿಡಿದರೆ ಮುಳ್ಳು ಅಲುಗಲಿಲ್ಲ. ಕೂದಲಿನಷ್ಟು ಸಣ್ಣ, ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ ಅದು. ಕಡಲ ಉಪ್ಪುಗಾಳಿಗೆ ಕಿಲುಬು ಹಿಡಿದು ಒಳಗೆಲ್ಲೋ ಕಡಿದುಹೋಗಿತ್ತು. (ಇದನ್ನು ತುಕ್ಕು ಎಂದು ಬರೆಯುವವರಿದ್ದಾರೆ. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು. ಇರುವ ಪದವನ್ನು ಕಳೆದುಕೊಳ್ಳುವುದು ಬೇಡ.)

ಅಷ್ಟು ಸಣ್ಣ ತಂತಿ ನನ್ನ ಯಂತ್ರದಲ್ಲಿ ನಿಲ್ಲುವುದಿಲ್ಲ. ಅದೇ ಅಳತೆಯ ಹೊಸ ಪಿಕಪ್ ತರಿಸಿ, ಹಳೆಯ ಬೆಸುಗೆ ಬಿಡಿಸಿ, ಕೂರಿಸಿ ಬೆಸೆದೆ. ಹಳೆಯದನ್ನು ಎಸೆಯದೆ ಗಿಟಾರಿನ ಪೆಟ್ಟಿಗೆಯಲ್ಲೇ ಇಟ್ಟೆ. ಇಂಥ ವಾದ್ಯದ ಬೆಲೆ ಮೂಲ ಭಾಗಗಳಲ್ಲೂ ಇರುತ್ತದೆ. ಹಿರಿಯರು ಇನ್ನೊಂದು ಮಾತು ಹೇಳಿದರು: “ಏನು ಮಾಡಿದಿರಿ ಎಂದು ಕನ್ನಡದಲ್ಲಿ ಬರೆದುಕೊಡಿ, ಮೊಮ್ಮಗನಿಗೆ ಮುಂದೆ ಬೇಕಾಗುತ್ತದೆ.” ಅವರ ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ.

ಬರೆಯಲು ಕುಳಿತಾಗ ಅಮ್ಮನ ವೀಣೆ ನೆರವಾಯಿತು. ತಂತಿ ಕೂರುವ ಜಾಗ ಕುದುರೆ, ಬೆರಳೊತ್ತುವ ಪಟ್ಟಿ ಮೆಟ್ಟಿಲು, ತಂತಿ ಬಿಗಿಯುವುದು ಬಿರಡೆ. ಸುರುಳಿಯ ನಡುವಿನದು ಸೂಜಿಗಲ್ಲು. ಇಲ್ಲಿಯವರೆಗೆ ಸಲೀಸಾಗಿ ಬಂದು ಪಿಕಪ್‌ನಲ್ಲಿ ಲೇಖನಿ ನಿಂತಿತು. ಅದನ್ನು ಹಾಗೆಯೇ ಬಿಡಬಹುದಲ್ಲ ಎನ್ನುವಿರಿ. ಕಾರವಾರದ ಬೈತಖೋಲ ಬಂದರಿನಲ್ಲಿ “ಪಿಕಪ್ ಬಂತೇ?” ಎಂದು ಕೇಳಿದರೆ ಮೀನು ಹೇರುವ ವಾಹನದ ಕಡೆಗೆ ಕೈ ತೋರಿಸುತ್ತಾರೆ. ಆ ಹುಡುಗನಿಗೂ ಮೊದಲು ಹೊಳೆಯುವುದು ಅದೇ.

ಗೆಳೆಯರೊಬ್ಬರು ‘ನಾದಗ್ರಾಹಕ’ ಎಂದರು. ಗ್ರಾಹಕ ಎಂದೊಡನೆ ಇಂದು ಅಂಗಡಿಯ ಮುಂದೆ ನಿಂತವರು ನೆನಪಾಗುತ್ತಾರೆ. ‘ನಾದಗ್ರಾಹಿ’ ಎಂದು ತಿದ್ದಿದರೆ ಕಿವಿಗೆ ಇಂಪು, ಆದರೆ ನನ್ನ ನಿಜವಾದ ತಕರಾರು ಇರುವುದು ಮೊದಲರ್ಧದಲ್ಲಿ. ಪಿಕಪ್ ನಾದವನ್ನು ಹಿಡಿಯುವುದೇ ಇಲ್ಲ. ಸೂಜಿಗಲ್ಲಿನ ಸೆಳೆತದೊಳಗೆ ಉಕ್ಕಿನ ತಂತಿ ಅಲುಗಿದರೆ ಆ ಸೆಳೆತ ಏರಿಳಿಯುತ್ತದೆ, ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. ನೈಲಾನ್ ತಂತಿ ಕಟ್ಟಿ ಎಷ್ಟು ಇಂಪಾಗಿ ನುಡಿಸಿದರೂ ಅದಕ್ಕೆ ಏನೂ ತಿಳಿಯುವುದಿಲ್ಲ. ಮೇಣ ತುಂಬದ ಹಳೆಯ ಪಿಕಪ್‌ಗಳು ಹತ್ತಿರ ಕೂಗಿದರೆ ಅಷ್ಟಿಷ್ಟು ಹಿಡಿಯುವುದುಂಟು. ಅದನ್ನು ದೋಷವೆಂದೇ ಎಣಿಸುತ್ತಾರೆ. ನಾದಗ್ರಾಹಿ ಎಂಬ ಹೆಸರು ಮೈಕಿಗೆ ಸಲ್ಲಬೇಕಾದದ್ದು.

ನನಗೆ ಒಪ್ಪುವುದು ‘ಮಿಡಿತ’. ತಂತಿಯನ್ನು ಮಿಡಿಯುತ್ತೇವೆ, ನಾಡಿಯೂ ಮಿಡಿಯುತ್ತದೆ. ಅಲುಗಾಟ ಎಂಬ ಅರ್ಥ ಒಳಗೇ ಇದೆ. ಶಿರಸಿಯಲ್ಲಿ ‘ಮಿಡಿ’ ಎಂದರೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕಣ್ಣ ಮುಂದೆ ಬರುತ್ತದೆ, ನಿಜ. ‘ಮಿಡಿತ’ ಎಂದಾಗ ಆ ಗೊಂದಲವಿಲ್ಲ. ‘ಮಿಡಿತಹಿಡುಕ’ ಎನ್ನೋಣವೆಂದರೆ ತಲೆಹಿಡುಕ ಎಂಬ ಬೈಗುಳ ಬೆನ್ನಿಗೇ ಬರುತ್ತದೆ. ‘ಮಿಡಿತಗ್ರಾಹಿ’ ಎಂದರೆ ಕನ್ನಡ, ಸಂಸ್ಕೃತ ಬೆರೆತ ಅರಿಸಮಾಸ. ದಿನಗೂಲಿಯನ್ನು ಒಪ್ಪಿಕೊಂಡ ನಾವು ಇದನ್ನೂ ಒಪ್ಪಬಹುದೆಂದು ನನಗನಿಸುತ್ತದೆ. ವ್ಯಾಕರಣ ಬಲ್ಲವರು ತಿದ್ದಬೇಕು.

ಜೊತೆಗೆ ಇನ್ನೊಂದು. ಒಂಟಿ ಸುರುಳಿಯ ಪಿಕಪ್ ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದನ್ನೂ ಎಳೆದುಕೊಳ್ಳುತ್ತದೆ. ಒಂದಕ್ಕೊಂದು ಎದುರಾದ ಜೋಡಿ ಸುರುಳಿಯಿಂದ ಅದನ್ನು ಅಳಿಸುವ ‘ಹಂಬಕರ್’ಗೆ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆ ಸದ್ದಿಗೆ ‘ಮೊರೆತ’ ಎನ್ನಲು ನನಗೆ ಮನಸ್ಸಿಲ್ಲ, ಅದು ಕಡಲಿನದು. ‘ಝೇಂಕಾರ’ ದುಂಬಿಯದು, ಬೇಡದ ಸದ್ದಿಗೆ ಅಷ್ಟು ಚೆಂದದ ಹೆಸರೇಕೆ? ಸದ್ಯಕ್ಕೆ ‘ಗುಂಯ್‌ಗುಟ್ಟುವಿಕೆ’ ಎಂದು ಬರೆದಿದ್ದೇನೆ.

ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ರೇಡಿಯೋ, ಗ್ರಾಮಫೋನ್ ರಿಪೇರಿ ಮಾಡುತ್ತಿದ್ದ ಹಿರಿಯರು ಮುಳ್ಳು ಕೂರುವ ಆ ಭಾಗಕ್ಕೆ ಏನೆನ್ನುತ್ತಿದ್ದರು? ಅದಕ್ಕೂ ಪಿಕಪ್ ಎಂಬ ಹೆಸರಿತ್ತು. ಅವರ ಬಾಯಲ್ಲಿ ಬೇರೆ ಪದವಿದ್ದರೆ ದಯವಿಟ್ಟು ತಿಳಿಸಿ. ಹಿರಿಯರಿಗೆ ಕೊಡಬೇಕಾದ ಹಾಳೆಯಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.