ಕೃಷ್ಣಾ ದಂಡೆಯ ಹಳೆ ಬಂಗ್ಲೆ: ಅತಿಥಿ ಕೋಣೆಯಲ್ಲಿ ಪೇಂಟ್ ನಿಲ್ಲುತ್ತಿಲ್ಲ, ಮುಗ್ಗಲು ವಾಸನೆ

ಬಂಗ್ಲೆ_ಸುರಪುರ
ಸುರಪುರ ತಾಲ್ಲೂಕು, ತಿಂಥಣಿ ಕಡೆ. ಹೊಳೆಯಿಂದ ಸುಮಾರು 200 ಅಡಿ ದೂರದಲ್ಲಿರುವ ಹಳೆ ಕಾಲದ ಬಂಗ್ಲೆ. 2 ಅಡಿ ದಪ್ಪದ ಕಲ್ಲು-ಗಚ್ಚಿನ (ಸುಣ್ಣದ ಗಾರೆಯ) ಗೋಡೆ, ಸಾಗವಾನಿ ತೊಲೆ, ನೆಲಕ್ಕೆ ಫರಸಿ (ಶಹಾಬಾದ್ ಕಲ್ಲಿನ ಹಾಸು). ರಿಪೇರಿ ಮಾಡಿಸಿ ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದೇವೆ. ಎರಡು ಕೋಣೆಗಳಲ್ಲಿ ನೆಲದಿಂದ 3 ಅಡಿವರೆಗೆ ಪೇಂಟ್ ಗುಳ್ಳೆ ಎದ್ದು ಉದುರುತ್ತಿದೆ, ಹಿಂದೆ ಬಿಳಿ ಉಪ್ಪು. ಎರಡು ದಿನ ಮುಚ್ಚಿಟ್ಟು ಬಾಗಿಲು ತೆಗೆದರೆ ಮುಗ್ಗಲು ವಾಸನೆ. ರಿಪೇರಿಯಲ್ಲಿ ಸಿಮೆಂಟ್ ಗಿಲಾವ್ (ಪ್ಲಾಸ್ಟರ್), ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಆಗಿದೆ. ವಾಟರ್‌ಪ್ರೂಫ್ ಕೆಮಿಕಲ್ ಹಚ್ಚಿದರೂ ಆರು ತಿಂಗಳಿಗೆ ಮತ್ತೆ ಅದೇ ಕಥೆ. ಡಿಸೆಂಬರ್ ಒಳಗೆ ಏನು ಮಾಡಬಹುದು? ಎಸಿ ಹಾಕಿದರೆ ವಾಸನೆ ಹೋಗುತ್ತದೆಯೇ?

ಗಚ್ಚು_ಗೌಂಡಿ
ಹೊಳಿ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ. ಕಲ್ಲು-ಗಚ್ಚಿನ ಗೋಡೆ ಬುಡದಾಗಿನ ಹಸಿ ಹೀರ್ತದ, ಮೈ ತುಂಬ ಆವಿ ಬಿಟ್ಟು ಒಣಗ್ತದ. ಅದು ಅದರ ಸ್ವಭಾವ. ಸಿಮೆಂಟ್ ಗಿಲಾವ್ ಆ ದಾರಿ ಮುಚ್ಚಿಬಿಟ್ಟದ. ಹೊರಗ ಹೋಗಲಾರದ ಹಸಿ ಮ್ಯಾಲ ಏರ್ತದ, ಪೇಂಟಿನ ಹಿಂದ ಉಪ್ಪು ಹರಳುಗಟ್ಟಿ ಗಿಲಾವ್ ಒಡೀತದ. ಕೆಮಿಕಲ್ ಹಚ್ಚಿದಷ್ಟು 3 ಅಡಿ ಇದ್ದದ್ದು 4 ಅಡಿ ಆಗ್ತದ, ಅಷ್ಟೇ.

ಕಲೆ ಮುಗಿಯೋ ಜಾಗಕ್ಕಿಂತ ಒಂದೂವರೆ ಅಡಿ ಮ್ಯಾಲಿನ ತನಕ ಸಿಮೆಂಟ್ ಕೆತ್ತಿ ತೆಗಸ್ರಿ. ಬ್ರೇಕರ್ ಮಶೀನ್ ಬ್ಯಾಡ, ಉಳಿ-ಸುತ್ತಿಗಿ ಸಾಕು. ಮಶೀನಿನ ಅದುರಿಗೆ ಹಳೆ ಗಚ್ಚು ಪುಡಿಯಾಗಿ ಕಲ್ಲೇ ಸಡಿಲ ಆಗ್ತಾವ. ಸಂದಿನಾಗಿನ ಸತ್ತ ಗಚ್ಚು ಒಂದು ಇಂಚು ಆಳ ಕೆರೀರಿ. ಉಪ್ಪನ್ನ ಒಣ ಬ್ರಶ್‌ನಿಂದ ಉದುರಿಸಿ, ಕೂಡಿಸಿ ಹೊರಗ ಒಗೀರಿ. ನೀರು ಹಾಕಿ ತೊಳೆದ್ರ ಕರಗಿ ಮತ್ತ ಗೋಡಿಯೊಳಗೇ ಹೋಗ್ತದ. ಎರಡು-ಮೂರು ವಾರಕ್ಕ ಮತ್ತ ಉಪ್ಪು ಹೊಮ್ಮತದ, ಮತ್ತ ಉದುರಸ್ರಿ.

ಡಿಸೆಂಬರಕ್ಕ ಪೂರ್ತಿ ಆಗಂಗಿಲ್ಲ. ಒಂದು ಇಂಚು ಗೋಡಿ ಒಣಗಲಿಕ್ಕ ಒಂದು ತಿಂಗಳು ಅನ್ನೋದು ಅಂದಾಜಿನ ಲೆಕ್ಕ, ನಿಮ್ಮದು 24 ಇಂಚು. ಈ ಸೀಜನ್ನಿಗೆ ಕಲ್ಲು ತೆರೆದಿಟ್ಟು ತೆಳ್ಳಗ ಸುಣ್ಣ ಬಳದು ಬಿಡ್ರಿ. ಹಳೆ ಬಂಗ್ಲೆ ಅಂತ ರೊಕ್ಕ ಕೊಟ್ಟು ಬಂದವರಿಗೆ ಹಳೆ ಗೋಡಿ ಕಂಡ್ರ ನಷ್ಟೇನಿಲ್ಲ.

ನೀರಿನ_ಹಾದಿ
ಒಳಗೆ ಕೈ ಹಚ್ಚುವ ಮೊದಲು ಹೊರಗಿನ ನೆಲದ ಮಟ್ಟ ಅಳೆಯಿರಿ. ಕೋಣೆಯ ಫರಸಿ ಹೊರಗಿನ ಅಂಗಳಕ್ಕಿಂತ ಕನಿಷ್ಠ 6 ಇಂಚು ಎತ್ತರ ಇರಬೇಕು. ರಿಪೇರಿ ಹೆಸರಲ್ಲಿ ಗೋಡೆಗೆ ತಾಗಿಸಿ ಪೇವರ್ ಅಥವಾ ಕಾಂಕ್ರೀಟ್ ಹಾಕಿದ್ದರೆ ಅಂಗಳದ ನೀರೆಲ್ಲ ಗೋಡೆ ಬುಡಕ್ಕೆ. ಗೋಡೆ ಪಕ್ಕದ 2 ಅಡಿ ಪಟ್ಟಿ ಕಿತ್ತು, 1 ಅಡಿ ಅಗಲ, 1 ಅಡಿ ಆಳದ ಕಾಲುವೆ ತೋಡಿ ಖಡಿ (ಜಲ್ಲಿಕಲ್ಲು) ತುಂಬಿ. ಪಾಯದ ತಳಕ್ಕಿಂತ ಕೆಳಗೆ ಮಾತ್ರ ಹೋಗಬೇಡಿ. ಎರೆ ಮಣ್ಣಾದರೆ ಖಡಿ ಕೆಳಗೆ ತೂತಿನ ಪೈಪ್ ಇಟ್ಟು ನೀರನ್ನು 10 ಅಡಿ ಆಚೆ ಬಿಡಿ. ಅಲ್ಲೇ ಇಂಗಿದರೆ ಮಣ್ಣು ಉಬ್ಬಿ, ಬೇಸಿಗೆಗೆ ಕುಗ್ಗಿ, ಗೋಡೆ ಬಿರಿಯುತ್ತದೆ.

ಆ ಕೋಣೆಗಳಿಗೆ ಹೊಸ ಬಾತ್‌ರೂಮ್ ಅಂಟಿಸಿದ್ದೀರಾ? ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಪೈಪ್ ಸೋರುತ್ತಿದೆ, ಗಚ್ಚಿನ ತಂಟೆಗೆ ಆಮೇಲೆ ಹೋಗಿ.

ಬಂಗ್ಲೆ_ಸುರಪುರ
ಟ್ಯಾಂಕ್ ಸರಿಯಿದೆ. ಆದರೆ ಪೇವರ್ ಒಳಗಿನ ಫರಸಿಗಿಂತ 2 ಇಂಚು ಮೇಲಿದೆ! ನಾಳೆಯೇ ಕೀಳಿಸುತ್ತೇನೆ. ಗೌಂಡಿ ಅಣ್ಣಾ, ಮುಂದೆ ಗಿಲಾವ್‌ಗೆ ಅಂಗಡಿಯ ಪಾಕೀಟು ಸುಣ್ಣ ನಡೆಯುತ್ತದಾ?

ಗಚ್ಚು_ಗೌಂಡಿ
ನಡಿಯಂಗಿಲ್ಲ. ಸುಟ್ಟ ಸುಣ್ಣದ ಗಟ್ಟಿ ತರಸ್ರಿ. ಪುಡಿ ಆಗಿದ್ರ ಗಾಳಿಗೆ ಸತ್ತದ ಅಂತ ತಿಳೀರಿ. ಕಬ್ಬಿಣದ ಡ್ರಮ್ಮಿನಾಗ ಮೊದಲು ನೀರು, ಆಮ್ಯಾಲೆ ಸುಣ್ಣ, ಒಂದೊಂದೇ ಗಟ್ಟಿ. ಉಲ್ಟಾ ಮಾಡಿದ್ರ ಕುದ್ದು ಮಾರಿಗೆ ಸಿಡೀತದ, ಕಣ್ಣು ಹೋಗ್ತಾವ. ಚಷ್ಮಾ, ಕೈಗವಸು ಬೇಕೇಬೇಕು. ಸಣ್ಣ ಜಾಳಗಿಯಿಂದ ಸೋಸಿ, ಮ್ಯಾಲ ಎರಡು ಇಂಚು ನೀರು ನಿಲ್ಲಂಗ ಒಂದು ತಿಂಗಳು ಬಿಡ್ರಿ. ಅರಳಲಾರದ ಒಂದು ಹರಳು ಉಳಿದ್ರೂ ಗೋಡಿ ಮ್ಯಾಲೆ ಹೋಗಿ ಅರಳತದ, ಹುಣಸಿ ಬೀಜದಷ್ಟು ಗಿಲಾವ್ ಚಟ್ಟನೆ ಹಾರಿ ತೂತು ಬೀಳ್ತದ.

ಬೆರಕಿ: 1 ಬುಟ್ಟಿ ಸುಣ್ಣ, 1 ಬುಟ್ಟಿ ಸುರ್ಕಿ (ಇಟ್ಟಂಗಿ ಪುಡಿ), 2 ಬುಟ್ಟಿ ತೊಳೆದ ಉಸುಕು. ಸುರ್ಕಿಗೆ ಕರ್ರಗ ಸುಟ್ಟ ಇಟ್ಟಂಗಿ ಬ್ಯಾಡ, ಅದು ಸುಣ್ಣದ ಜೋಡಿ ಹೊಂದಂಗಿಲ್ಲ. ಒಂದು ಕೋಟು ಅರ್ಧ ಇಂಚು ದಾಟಬಾರದು. ಒಂದು ವಾರ ಹಸಿ ಗೋಣಿತಟ್ಟು ಇಳಿಬಿಡ್ರಿ, ಇಲ್ಲಾಂದ್ರ ನಮ್ಮ ಬಿಸಿಲಿಗೆ ಜೇಡರ ಬಲಿ ಹಂಗ ಸೀಳ್ತದ. ಎರಡನೇ ಕೋಟು ಎರಡು ವಾರ ಬಿಟ್ಟು. ಮ್ಯಾಲ ಸುಣ್ಣ ಮಾತ್ರ, ತೆಳ್ಳಗ ನಾಲ್ಕು ಸಲ. ಬೆಲ್ಲದ ನೀರು ಹಾಕ್ರಿ ಅಂತ ಯಾರರೇ ಹೇಳತಾರ. ಮಲಗೋ ಕೋಣಿಯಾಗ ಜಾಸ್ತಿ ಹಾಕಿದ್ರ ಇರಬಿ ಸಾಲು ಬರ್ತದ.

ಫರಸಿ_ಶಹಾಬಾದ
ಎಸಿ ವಿಷಯ ಯಾರೂ ಹೇಳಲಿಲ್ಲ. ವಾಸನೆ ಬರುವುದು ಗೋಡೆಯಿಂದ. ಎಸಿಗಾಗಿ ಕಿಟಕಿ ಮುಚ್ಚಿದರೆ ಹೆಚ್ಚೇ ಆಗುತ್ತದೆ. ಮಳೆ ಮುಗಿದ ಮೇಲೆ ದಿನಾ ಹತ್ತರಿಂದ ಐದರವರೆಗೆ ಕಿಟಕಿ, ಮೇಲಿನ ವೆಂಟಿಲೇಟರ್ ಎರಡೂ ತೆಗೆದಿಡಿ. ಮಂಚ, ಅಲಮಾರಿ ಗೋಡೆಯಿಂದ 3 ಇಂಚು ದೂರ ಇರಲಿ. ಹಾಕಿದರೂ ಎಸಿಯ ನೀರಿನ ಪೈಪ್ ಗೋಡೆ ಬುಡಕ್ಕೆ ಬಿಡಬೇಡಿ.

ಉಪ್ಪಿನ ಕಲೆ ಹೋಗಲೆಂದು ಫರಸಿಗೆ ಆಸಿಡ್ ಹಾಕಲೇಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆಸಿಡ್ ಬಿದ್ದಲ್ಲಿ ನೊರೆ ಎದ್ದು ಹೊಳಪು ಹೋಗುತ್ತದೆ, ನಿಂಬೆರಸಕ್ಕೂ ಮಬ್ಬು ಕಲೆ ಬೀಳುತ್ತದೆ. ಸಾದಾ ಸೋಪಿನ ನೀರು, ಗಟ್ಟಿಯಾಗಿ ಹಿಂಡಿದ ಬಟ್ಟೆ ಸಾಕು.

ಹೊಳೆ ಬಗ್ಗೆ ಒಂದು ಮಾತು. 2009, 2019ರ ಪ್ರವಾಹದಲ್ಲಿ ನೀರು ಎಲ್ಲಿವರೆಗೆ ಬಂದಿತ್ತೆಂದು ಊರವರನ್ನು ಕೇಳಿ, ಮೇನ್ ಬೋರ್ಡ್ ಆ ಗುರುತಿಗಿಂತ ಮೇಲಕ್ಕೆ ಹಾಕಿಸಿ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ನೀರು ಬಿಟ್ಟರೆ ನಿಮ್ಮಲ್ಲಿ ಮೋಡವೇ ಇಲ್ಲದಿದ್ದರೂ ಹೊಳೆ ಏರುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಹೊಳೆಗೆ ಇಳಿಯುವ ಮೆಟ್ಟಿಲಿದ್ದರೆ ಅದರ ಬಾಯಿಗೆ ಬೀಗದ ಗೇಟು ಹಾಕಿ, ಬೀಗದ ಕೈ ಕೋಣೆಯಲ್ಲಿ ಇಡಬೇಡಿ, ಕಾವಲುಗಾರನ ಹತ್ತಿರ ಇರಲಿ.